ಪದಚರ್ಚೆ: ಚುನಾವಣೆಗೆ ಮೊದಲು ಬರುವ ‘ಹಂಗಾಮಿ ನಾಯಕ’

ಗೆಳೆಯರೇ, ನಮಸ್ಕಾರ.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2018ರಲ್ಲಿ ನಡೆದ ಚುನಾವಣೆ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಕರಡನ್ನು ಹಾಸನದಲ್ಲಿರುವ ಸೋದರಮಾವನಿಗೆ ಕಳಿಸಿದ್ದೆ. ಅವರು ಓದಿ, ಫೋನ್ ಮಾಡಿ ಕೇಳಿದರು: ‘ಅಲ್ಲಪ್ಪಾ, ಆ ಪಕ್ಷದ ಅಧ್ಯಕ್ಷರು ಒಂದೇ ವಾರದಲ್ಲಿ ಎರಡು ಸಲ ಹೇಗೆ ರಾಜೀನಾಮೆ ಕೊಟ್ಟರು?’

ತಪ್ಪು ನನ್ನದೇ. ಪ್ರೊಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ಲೀಡರ್ ಪ್ಯಾಟ್ರಿಕ್ ಬ್ರೌನ್ ಜನವರಿ 25ರಂದು ಹುದ್ದೆ ಬಿಟ್ಟರು. ಮೂರು ದಿನ ಕಳೆದು ಪ್ರೆಸಿಡೆಂಟ್ ರಿಕ್ ಡೈಕ್‌ಸ್ಟ್ರಾ ಕೂಡ ಹೊರಟರು. ನಾನು ಇಬ್ಬರಿಗೂ ‘ಅಧ್ಯಕ್ಷ’ ಅಂತ ಬರೆದುಬಿಟ್ಟಿದ್ದೆ.

ನಮ್ಮಲ್ಲಿ ಪಕ್ಷದ ಅಧ್ಯಕ್ಷ ಬೇರೆ, ಶಾಸಕಾಂಗ ಪಕ್ಷದ ನಾಯಕ ಬೇರೆ. ಮುಖ್ಯಮಂತ್ರಿ ಆಗುವವರು ಎರಡನೆಯವರು. ಅಲ್ಲಿ ಪಕ್ಷ ಗೆದ್ದರೆ ಪ್ರೀಮಿಯರ್, ಅಂದರೆ ಪ್ರಾಂತ್ಯ ಸರ್ಕಾರದ ಮುಖ್ಯಸ್ಥ, ಆಗುವವರು ಲೀಡರ್. ಸಂಘಟನೆ ನೋಡಿಕೊಳ್ಳುವವರು ಪ್ರೆಸಿಡೆಂಟ್. ಹಾಗಾದರೆ ಲೀಡರ್‌ಗೆ ‘ಶಾಸಕಾಂಗ ಪಕ್ಷದ ನಾಯಕ’ ಅನ್ನೋಣವೇ? ಅದೂ ಕೂಡುವುದಿಲ್ಲ. ಅಲ್ಲಿ ಲೀಡರನ್ನು ಆರಿಸುವವರು ಪಕ್ಷದ ಸಾಮಾನ್ಯ ಸದಸ್ಯರು. ಮಾರ್ಚ್ 10ರಂದು ಗೆದ್ದ ಡಗ್ ಫೋರ್ಡ್ ಆಗ ಶಾಸಕರೇ ಆಗಿರಲಿಲ್ಲ! ಮತಗಳನ್ನು ನೇರವಾಗಿ ಕೂಡದೆ, ಪ್ರತಿ ಕ್ಷೇತ್ರಕ್ಕೆ ಹೆಚ್ಚೆಂದರೆ 100 ಅಂಕ ಇಟ್ಟು, ಅಲ್ಲಿ ಬಿದ್ದ ಮತಗಳಿಗೆ ತಕ್ಕಂತೆ ಹಂಚುವ ಲೆಕ್ಕ ಇತ್ತು. ಎದುರಾಳಿ ಕ್ರಿಸ್ಟೀನ್ ಎಲಿಯಟ್‌ಗೆ ಮತಗಳು ಜಾಸ್ತಿ ಬಿದ್ದರೂ ಅಂಕದಲ್ಲಿ ಫೋರ್ಡ್ ಮುಂದೆ ಬಂದರು. ಮೂರು ತಿಂಗಳು ತುಂಬುವುದಕ್ಕೂ ಮೊದಲೇ, ಜೂನ್ 7ರಂದು, ಅವರ ಪಕ್ಷ 124ರಲ್ಲಿ 76 ಸ್ಥಾನ ಗೆದ್ದಿತು. ಹಾಗಾಗಿ ಬರೀ ‘ಪಕ್ಷದ ನಾಯಕ’ ಅಂತ ಇಟ್ಟುಕೊಂಡಿದ್ದೇನೆ. ಇದರಲ್ಲಿ ನನಗೆ ಗೊಂದಲ ಉಳಿದಿಲ್ಲ.

ಗೊಂದಲ ಇರುವುದು ನಡುವಿನ ಆರು ವಾರದ ಬಗ್ಗೆ. ಜನವರಿ 26ರಂದು ಶಾಸಕರು ಸೇರಿ ವಿಕ್ ಫೆಡೆಲಿ ಅವರನ್ನು ಇಂಟೆರಿಮ್ ಲೀಡರ್ ಮಾಡಿದರು. ಹೊಸ ನಾಯಕ ಬರುವ ತನಕ ಮಾತ್ರ. ಇದಕ್ಕೆ ಕೈಗೆ ಥಟ್ಟನೆ ಬಂದ ಪದ ‘ಹಂಗಾಮಿ ನಾಯಕ’.

ಈ ಪದ ನನಗೆ ಬಹಳ ಇಷ್ಟ. ಹಂಗಾಮು ಅಂದರೆ ಕಾಲ, ಸುಗ್ಗಿ. ಪಾರಸಿಯಿಂದ ಬಂದು ನಮ್ಮ ಹೊಲದಲ್ಲೇ ಬೇರು ಬಿಟ್ಟ ಪದ. ಮುಂಗಾರು ಹಂಗಾಮು, ಹಿಂಗಾರು ಹಂಗಾಮು, ಕಬ್ಬು ನುರಿಸುವ ಹಂಗಾಮು ಅನ್ನುತ್ತೇವೆ. ಸಕ್ಕರೆ ಕಾರ್ಖಾನೆಗೆ ಆ ಕೆಲವು ತಿಂಗಳಿಗೆ ಮಾತ್ರ ಬರುವವರು ಹಂಗಾಮಿ ಕಾರ್ಮಿಕರು. ಹಂಗಾಮು ಮುಗಿದರೆ ಕೆಲಸ ಮುಗಿಯಿತು. ಫೆಡೆಲಿ ಅವರ ಹುದ್ದೆಯೂ ಹಾಗೇ ಅಲ್ವಾ?

ಆದರೆ ಪತ್ರಿಕೆಗಳಲ್ಲಿ ಈ ಪದದ ದಾರಿ ಬೇರೆಯಾಗಿದೆ. 2021ರ ಜುಲೈ 26ರಂದು ಯಡಿಯೂರಪ್ಪ ರಾಜೀನಾಮೆ ಕೊಟ್ಟರು, 28ರಂದು ಬೊಮ್ಮಾಯಿ ಪ್ರಮಾಣವಚನ ತೆಗೆದುಕೊಂಡರು. ನಡುವಿನ ಎರಡು ದಿನ ಯಡಿಯೂರಪ್ಪನವರೇ ಹಂಗಾಮಿ ಮುಖ್ಯಮಂತ್ರಿ. ಅಂದರೆ ರಾಜಕೀಯದ ಸುದ್ದಿಯಲ್ಲಿ ‘ಹಂಗಾಮಿ’ ಅಂದ ಕೂಡಲೇ, ಹೋಗುತ್ತಿರುವವರೇ ಇನ್ನೂ ಕೂತಿದ್ದಾರೆ ಅನ್ನುವ ಚಿತ್ರ ಬರುತ್ತದೆ. ಹಂಗಾಮಿ ಸ್ಪೀಕರ್ ವಿಷಯದಲ್ಲಿ ಹಾಗಿಲ್ಲ, ಅಲ್ಲಿ ಹಳೆಯ ಅರ್ಥವೇ ಇದೆ. ಆದರೆ ಆಡಳಿತ ನಡೆಸುವ ಹುದ್ದೆಗೆ ಈ ನೆರಳು ಅಂಟಿಕೊಂಡಿದೆ.

ಆಲ್ಬರ್ಟಾ ಪ್ರಾಂತ್ಯದ ಕಥೆ ಬರೆಯಲು ಹೋದಾಗ ಇದು ಇನ್ನೂ ಕಷ್ಟ ಕೊಟ್ಟಿತು. 2014ರ ಮಾರ್ಚ್‌ನಲ್ಲಿ ಪ್ರೀಮಿಯರ್ ಆಲಿಸನ್ ರೆಡ್‌ಫರ್ಡ್ ಕೆಳಗಿಳಿದರು. ಪಕ್ಷ ಡೇವ್ ಹ್ಯಾನ್‌ಕಾಕ್ ಅವರನ್ನು ನಡುಗಾಲಕ್ಕೆ ನಾಯಕರನ್ನಾಗಿ ಮಾಡಿತು. ಅವರೇ ಪ್ರೀಮಿಯರ್ ಆಗಿ ಪ್ರಮಾಣವಚನ ತೆಗೆದುಕೊಂಡು ಸೆಪ್ಟೆಂಬರ್ ತನಕ ಆಳಿದರು. ಆಮೇಲೆ ಜಿಮ್ ಪ್ರೆಂಟಿಸ್ ಬಂದರು. 2015ರ ಮೇ 5ರ ಚುನಾವಣೆಯಲ್ಲಿ ಅದೇ ಪಕ್ಷ 44 ವರ್ಷದ ಅಧಿಕಾರ ಕಳೆದುಕೊಂಡಿತು. ಹ್ಯಾನ್‌ಕಾಕ್ ಅವರನ್ನು ‘ಹಂಗಾಮಿ ಪ್ರೀಮಿಯರ್’ ಅಂತ ಬರೆದರೆ ನಮ್ಮ ಓದುಗರು ಏನೆಂದುಕೊಳ್ಳುತ್ತಾರೆ? ರಾಜೀನಾಮೆ ಕೊಟ್ಟವರು ಅವರೇ ಅಂತ! ನಿಜವಾಗಿ ಅವರಿಗೆ ಪೂರ್ತಿ ಅಧಿಕಾರ ಇತ್ತು. ತಾತ್ಕಾಲಿಕ ಆಗಿದ್ದದ್ದು ಪಕ್ಷದ ನಾಯಕನ ಸ್ಥಾನ.

(ಪ್ರೀಮಿಯರ್‌ಗೆ ‘ಮುಖ್ಯಮಂತ್ರಿ’ ಅಂದರೂ ಅರ್ಥವಾಗುತ್ತದೆ. ಆದರೆ 1937ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ರಾಜಾಜಿ, ಮುಂಬೈ ಪ್ರಾಂತ್ಯದಲ್ಲಿ ಬಿ.ಜಿ. ಖೇರ್ ಹಿಡಿದ ಹುದ್ದೆಗೂ ಪ್ರೀಮಿಯರ್ ಅಂತಲೇ ಹೆಸರಿತ್ತು. ಆಗ ಮಂಗಳೂರು ಮದ್ರಾಸಿಗೆ, ಧಾರವಾಡ ಮುಂಬೈಗೆ ಸೇರಿದ್ದವು. ನಮಗೂ ಹೊಸದಲ್ಲದ ಹೆಸರು ಅಂತ ಹಾಗೇ ಉಳಿಸಿಕೊಂಡೆ.)

ಬೇರೆ ಪದಗಳನ್ನೂ ಹಾಕಿ ನೋಡಿದೆ. ‘ಮಧ್ಯಂತರ ನಾಯಕ’ ಅಂದರೆ ಕೋರ್ಟಿನ ಮಧ್ಯಂತರ ಆದೇಶ ನೆನಪಾಗುತ್ತದೆ, ಮನುಷ್ಯರಿಗೆ ಒಗ್ಗುವುದಿಲ್ಲ. ‘ಉಸ್ತುವಾರಿ’ ಅಂದರೆ ಜಿಲ್ಲಾ ಉಸ್ತುವಾರಿ ಸಚಿವರು ಕಣ್ಣಮುಂದೆ ಬರುತ್ತಾರೆ. ‘ಪ್ರಭಾರ’ ಪದಕ್ಕೆ ಪ್ರಭಾರ ಮುಖ್ಯೋಪಾಧ್ಯಾಯರ ಥರ ಇನ್ನೊಬ್ಬರ ಕೆಲಸವನ್ನೂ ಹೊತ್ತವರು ಅನ್ನುವ ಅರ್ಥವಿದೆ. ಅದು ಹತ್ತಿರ ಬರುತ್ತದೆ, ಆದರೆ ಸುತ್ತೋಲೆಯ ವಾಸನೆ ಬಿಡುವುದಿಲ್ಲ. ಸದ್ಯಕ್ಕೆ ‘ತಾತ್ಕಾಲಿಕ ನಾಯಕ’ ಅಂತ ಬರೆದಿದ್ದೇನೆ. ಅರ್ಥ ಸರಿ, ಆದರೆ ಸಪ್ಪೆ.

ನನಗೆ ‘ಹಂಗಾಮಿ’ಯನ್ನು ಬಿಡಲು ಮನಸ್ಸಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವರು ದಯವಿಟ್ಟು ಹೇಳಿ: ‘ಹಂಗಾಮಿ ನಾಯಕ’ ಅಂದರೆ ನಿಮಗೆ ಮೊದಲು ಹೊಳೆಯುವುದು ಯಾರು? ಕೆಲವು ತಿಂಗಳಿಗೆ ಬಂದು ಕೂತವರೋ, ಹುದ್ದೆ ಬಿಟ್ಟು ಹೊರಡುತ್ತಿರುವವರೋ?