ಹಿತ್ತಲ ಗೋಡೆಯಾಚೆಯ ಹಳದಿ ಕಳೆ: ಶನಿವಾರ ಕೀಳೋಣ

ಮೂಲೆ ಮನೆ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಫೀನಿಕ್ಸ್‌ನಲ್ಲಿ (ಅಮೆರಿಕದ ಅರಿಜೋನಾ) ನಮ್ಮ ಗೋಡೆ ಹಿಂದಿನ ವಾಶ್‌ನಲ್ಲಿ, ಅಂದರೆ ಮಳೆ ಬಂದಾಗ ಮಾತ್ರ ನೀರು ಹರಿಯುವ ಒಣ ಹಳ್ಳದಲ್ಲಿ, ಸ್ಟಿಂಕ್‌ನೆಟ್ ಅನ್ನೋ ಕಳೆ ಹೂ ಬಿಡಲು ಶುರುವಾಗಿದೆ. ಜಾಲಿ ಹೂವಿನ ಹಾಗೆ ಗುಂಡಗೆ, ಹಳದಿ. ಉಜ್ಜಿದರೆ ಕೆಟ್ಟ ವಾಸನೆ. ಬೀಜ ಕಟ್ಟುವ ಮೊದಲೇ ಕೀಳಬೇಕು. ಈ ಶನಿವಾರ ಬೆಳಿಗ್ಗೆ 7ಕ್ಕೆ ಯಾರೆಲ್ಲ ಬರುತ್ತೀರಿ?

ಈಜುಕೊಳದ ಎದುರು ಮನೆ:
ಸರ್, ಮೇ ಬಂದರೆ ಬಿಸಿಲಿಗೆ ತಾನೇ ಒಣಗುತ್ತೆ ಅಲ್ವಾ? ಸುಮ್ನೆ ಯಾಕೆ ಇಷ್ಟು ಕಷ್ಟ?

ಮೂಲೆ ಮನೆ:
ಒಣಗುವುದೇ ತೊಂದರೆ ಸರ್. ಒಣಗಿದ ಗಿಡ ನಿಂತಲ್ಲೇ ನಿಂತಿರುತ್ತೆ, ಒಂದು ಕಿಡಿ ಸಾಕು. ಈ ಮರುಭೂಮಿಯಲ್ಲಿ ಗಿಡಕ್ಕೂ ಗಿಡಕ್ಕೂ ನಡುವೆ ಬರೀ ನೆಲ ಇರುತ್ತಿತ್ತು, ಹಾಗಾಗಿ ಬೆಂಕಿ ದೂರ ಹೋಗುತ್ತಿರಲಿಲ್ಲ. ಈ ಕಳೆ ಆ ಜಾಗವನ್ನೆಲ್ಲ ತುಂಬಿಬಿಡುತ್ತೆ. ಇಲ್ಲಿನ ಸಾಗ್ವಾರೋ, ಅಂದರೆ ಕಂಬದ ಹಾಗೆ ಬೆಳೆಯುವ ದೊಡ್ಡ ಕಳ್ಳಿ, ಬೆಂಕಿ ತಾಳಿಕೊಳ್ಳುವ ಗಿಡವಲ್ಲ.
ನಿನ್ನೆ ಗೋಡೆಯಾಚೆ ಪಾಲೋ ವರ್ಡೆ ಮರದ ಬುಡದಲ್ಲಿ ಒಂದು ಸಾಗ್ವಾರೋ ಮರಿ ಕಂಡೆ. ನನ್ನ ಹೆಬ್ಬೆರಳಿನಷ್ಟಿದೆ. ಅಷ್ಟಾಗಲು ಎಂಟು ಹತ್ತು ವರ್ಷ ಬೇಕು, ತೋಳು ಮೂಡಲು 50-75 ವರ್ಷ. ಅದರ ಸುತ್ತ ಇದೇ ಕಳೆ, ಮೊಣಕಾಲೆತ್ತರ. ನೋಡಿ ಹೊಟ್ಟೆ ಉರಿಯಿತು.
1924ರಲ್ಲಿ, ಊರು ಇನ್ನೂ ಸಣ್ಣದಿದ್ದಾಗ, ಫೀನಿಕ್ಸ್ ನಗರ ಸೌತ್ ಮೌಂಟನ್ ಬೆಟ್ಟದ 13,000 ಎಕರೆಯನ್ನು 17,000 ಡಾಲರ್‌ಗೆ ಫೆಡರಲ್ ಸರ್ಕಾರದಿಂದ ಕೊಂಡು ಉಳಿಸಿತು. ಈಗ 16,000 ಎಕರೆಗೂ ಜಾಸ್ತಿ ಇದೆ. 1970ರ ದಶಕದಲ್ಲಿ ಊರಿನ ಜನ ವೋಟು ಹಾಕಿ ಹಣ ಒದಗಿಸಿ ಉತ್ತರದ ಬೆಟ್ಟಗಳನ್ನೂ ಕಾಪಾಡಿಕೊಂಡರು. ನಾವು ಒಂದು ಬೆಳಿಗ್ಗೆ ಕೊಡಬಹುದಲ್ವಾ?

ಪಾರ್ಕ್ ಪಕ್ಕದ ಮನೆ:
ನಮ್ಮೂರಲ್ಲಿ ಕಾಂಗ್ರೆಸ್ ಗಿಡವೂ ಹೀಗೇ ಬಂತು. ಖಾಲಿ ಸೈಟು, ರೈಲ್ವೆ ಹಳಿ, ಹೊಲದ ಬದು, ಎಲ್ಲ ಕಡೆ. ಅಪ್ಪ ಬರಿಗೈಯಲ್ಲಿ ಕಿತ್ತು ವಾರಗಟ್ಟಲೆ ತುರಿಸಿಕೊಂಡರು. ಇದೂ ಚರ್ಮಕ್ಕೆ, ಉಸಿರಿಗೆ ಆಗಲ್ಲ. ಮಗನಿಗೆ ಅಸ್ತಮಾ, ಅವನನ್ನು ಕರೆತರುವುದಿಲ್ಲ. ನಾನು ಬರುತ್ತೇನೆ. ಎಲ್ಲರೂ ಗ್ಲೌಸ್, ಮಾಸ್ಕ್, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ.

ಈಜುಕೊಳದ ಎದುರು ಮನೆ:
ಬೆಂಕಿ ವಿಷಯ ಗೊತ್ತಿರಲಿಲ್ಲ ಸರ್. ನಾವಿಬ್ಬರೂ ಬರುತ್ತೇವೆ. ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಹತ್ತಿರ ಮಷಿನ್ನಲ್ಲಿ ಕತ್ತರಿಸಲು ಹೇಳಬಹುದಾ?

ಗೇಟ್ ಬಳಿ ಮನೆ:
ಬೇಡ. ಹೋದ ವರ್ಷ ಗುತ್ತಿಗೆಯವರು ಒಣಗಿದ ಮೇಲೆ ಮಷಿನ್ ಹೊಡೆದು, ಬ್ಲೋಯರ್‌ನಲ್ಲಿ ಊದಿದರು. ದೂಳಿನಂಥ ಬೀಜ ಎಲ್ಲ ಹಾರಿತು. ಈ ವರ್ಷ ನನ್ನ ಡ್ರೈವ್‌ವೇ ಸಂದಿಯಲ್ಲೂ ಎದ್ದಿದೆ. ಬೇರು ಸಮೇತ ಕಿತ್ತು, ಚೀಲ ಕಟ್ಟಿ, ಕಸಕ್ಕೇ ಹಾಕಬೇಕು. ಗೊಬ್ಬರದ ಗುಂಡಿಗೆ ಬೇಡವೇ ಬೇಡ. ಎಚ್‌ಒಎಗೆ ನಾನು ಪತ್ರ ಬರೆಯುತ್ತೇನೆ: ಮುಂದಿನ ಸಲ ಜನವರಿಯಲ್ಲೇ, ಹೂವಿಗೆ ಮೊದಲೇ ಕೀಳಿಸಲಿ.
ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಮ್ಮಲ್ಲಿ ಕೆಲವರ ಅಂಗಳದಲ್ಲಿ ಅಲಂಕಾರಕ್ಕೆ ಫೌಂಟನ್ ಗ್ರಾಸ್ ಇದೆ. ಅದೂ ಬೆಟ್ಟಕ್ಕೆ ಹರಡಿ ಹೊತ್ತಿಕೊಳ್ಳುವ ಹುಲ್ಲೇ. ದಯವಿಟ್ಟು ತೆಗೆಸಿ.

ಮೂಲೆ ಮನೆ:
ಸರಿ. ನಾವು ಕೀಳುವುದು ನಮ್ಮ ಬಡಾವಣೆಗೆ ಸೇರಿದ ಜಾಗದಲ್ಲಿ ಮಾತ್ರ. ಬೇಲಿಯಾಚೆ ಪ್ರಿಸರ್ವ್ (ಸಂರಕ್ಷಿತ ಬೆಟ್ಟದ ಜಾಗ) ಒಳಗೆ ಕಂಡರೆ ಫೋಟೋ ತೆಗೆದುಕೊಳ್ಳಿ, ಪಾರ್ಕ್ ರೇಂಜರ್‌ಗೆ ನಾನು ಕಳಿಸುತ್ತೇನೆ. ಗೊತ್ತಾಗದ ಗಿಡ ಮುಟ್ಟಬೇಡಿ, ಕೇಳಿ. ದಪ್ಪ ಚೀಲ ನನ್ನ ಹತ್ತಿರ 40 ಇವೆ. ಸಾಗ್ವಾರೋ ಮರಿಯ ಸುತ್ತ ನಾಲ್ಕು ಬಿಳಿ ಕಲ್ಲು ಇಟ್ಟಿದ್ದೇನೆ. ಅಲ್ಲಿ ಯಾರೂ ಕಾಲಿಡಬೇಡಿ, ಆ ಜಾಗ ನಾನೇ ಕೂತು ಬಿಡಿಸುತ್ತೇನೆ.