ಪ್ರಶಸ್ತಿಗಳ ಕಣ್ಣಿಗೆ ಬೀಳದ ಒಳ್ಳೆಯ ಕಾದಂಬರಿ ಯಾವುದಿದೆ, ಹೇಳಿ

ಪ್ರಶ್ನೆ
ಎರಡು ವರ್ಷದಿಂದ ಪ್ರಶಸ್ತಿ ಬಂದ ಪುಸ್ತಕಗಳ ಪಟ್ಟಿ ಹಿಡಿದುಕೊಂಡೇ ಓದುತ್ತಿದ್ದೇನೆ. ಚೆನ್ನಾಗಿಯೇ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಪಟ್ಟಿಯ ಹೊರಗೆ ಏನೇನು ಉಳಿದುಹೋಗಿದೆಯೋ ಅಂತ ಈಚೆಗೆ ಜಾಸ್ತಿ ಅನ್ನಿಸುತ್ತಿದೆ. ಬಹುಮಾನ ಬರದಿದ್ದರೂ ನಿಮ್ಮನ್ನು ಹಿಡಿದು ಕೂರಿಸಿದ ಕಾದಂಬರಿ ಹೇಳಿ. ಯಾವ ಭಾಷೆಯದಾದರೂ ಸರಿ. ಸುಮ್ನೆ ಹೆಸರು ಬೇಡ, ಯಾವ ಜಾಗ ಮನಸ್ಸಲ್ಲಿ ಉಳಿಯಿತು ಅಂತಲೂ ಬರೆಯಿರಿ.

ಉತ್ತರ 1
ಜಾನ್ ವಿಲಿಯಮ್ಸ್ ಬರೆದ ‘ಸ್ಟೋನರ್’. ಬೇರೆ ಯೋಚನೆಯೇ ಬೇಡ. 1965ರಲ್ಲಿ ಬಂತು, ಸುಮಾರು 2,000 ಪ್ರತಿ ಖರ್ಚಾಯಿತು, ಆಮೇಲೆ ಎಲ್ಲೂ ಸಿಗದ ಹಾಗಾಯಿತು. ಅದೇ ಲೇಖಕರ ‘ಆಗಸ್ಟಸ್’ಗೆ 1973ರಲ್ಲಿ ನ್ಯಾಷನಲ್ ಬುಕ್ ಅವಾರ್ಡ್ ಬಂತು, ಇದಕ್ಕೆ ಏನೂ ಇಲ್ಲ. 2006ರಲ್ಲಿ ಮತ್ತೆ ಅಚ್ಚಾಯಿತು, ಕೆಲವು ವರ್ಷದಲ್ಲಿ ಯೂರೋಪಿನ ಓದುಗರು ಮುಗಿಬಿದ್ದರು. ಲೇಖಕರು 1994ರಲ್ಲೇ ತೀರಿಕೊಂಡಿದ್ದರು.

ಕಥೆ ಅಂತ ಹೇಳಹೊರಟರೆ ತುಂಬಾ ಚಿಕ್ಕದು. ರೈತರ ಮನೆ ಹುಡುಗ ಕೃಷಿ ಓದಲು ಕಾಲೇಜಿಗೆ ಬರುತ್ತಾನೆ. ಇಂಗ್ಲಿಷ್ ತರಗತಿಯಲ್ಲಿ ಮೇಷ್ಟ್ರು ಷೇಕ್ಸ್‌ಪಿಯರನ ಒಂದು ಸಾನೆಟ್ (ಹದಿನಾಲ್ಕು ಸಾಲಿನ ಪದ್ಯ) ಹೇಳಿ, ಇದರ ಅರ್ಥ ಏನು ಅಂತ ಇವನನ್ನೇ ಕೇಳುತ್ತಾರೆ. ‘ಇದರ ಅರ್ಥ...’ ಅನ್ನುವಷ್ಟು ಬಾಯಿಂದ ಬರುತ್ತದೆ, ಮುಂದೆ ಮಾತೇ ಹೊರಡುವುದಿಲ್ಲ. ಕಿಟಕಿಯ ಬೆಳಕು ಪಕ್ಕದವರ ಮುಖದ ಮೇಲೆ ಬಿದ್ದಿರುವುದನ್ನು, ತನ್ನದೇ ಕೈಗಳನ್ನು, ಹೊಸದಾಗಿ ಕಂಡವನ ಹಾಗೆ ನೋಡುತ್ತಾ ಕೂರುತ್ತಾನೆ. ಅಲ್ಲಿಂದ ಅವನ ದಾರಿಯೇ ಬೇರೆ. ಆ ಪುಟವನ್ನು ಮೂರು ಸಲ ಓದಿಯೇ ನಾನು ಮುಂದೆ ಹೋದದ್ದು.

ಉತ್ತರ 2
ಕನ್ನಡದಲ್ಲೇ ಇದೆಯಲ್ಲ, ‘ಮಲೆಗಳಲ್ಲಿ ಮದುಮಗಳು’! ಕುವೆಂಪು ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಜ್ಞಾನಪೀಠವೂ ಬಂದದ್ದು ‘ಶ್ರೀ ರಾಮಾಯಣ ದರ್ಶನಂ’ಗೆ. ಕಾರಂತರದ್ದೂ ಹೀಗೇ. 1958ರ ಅಕಾಡೆಮಿ ಪ್ರಶಸ್ತಿ ‘ಯಕ್ಷಗಾನ ಬಯಲಾಟ’ಕ್ಕೆ ಬಂತು, ‘ಮರಳಿ ಮಣ್ಣಿಗೆ’ಗೆ ಅಲ್ಲ. ಮದುಮಗಳು ದಪ್ಪ ಪುಸ್ತಕ ಅಂತ ಹೆದರಬೇಡಿ. ನಾಯಿಗುತ್ತಿಯೂ ಅವನ ನಾಯಿ ಹುಲಿಯನೂ ಸಾಕು, ನಿಮ್ಮನ್ನು ಕಾಡಿನೊಳಗೆ ಕರೆದುಕೊಂಡು ಹೋಗುತ್ತಾರೆ. ಕೊನೆಗೆ ತುಂಬಿದ ತುಂಗೆ ದಾಟುವ ಜಾಗ ಬರುತ್ತದೆ. ಅಲ್ಲಿ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ, ನೀವೇ ಓದಬೇಕು.

ಉತ್ತರ 3
ಬೇರೆ ಪುಸ್ತಕಕ್ಕೆ ದೊಡ್ಡ ಪ್ರಶಸ್ತಿ ಬಂದವರನ್ನು ಈ ಲೆಕ್ಕಕ್ಕೆ ಸೇರಿಸುವುದು ನನಗೆ ಅಷ್ಟು ಒಪ್ಪಿಗೆಯಿಲ್ಲ. ಅಮೆರಿಕದ ಕಾದಂಬರಿಕಾರ ಫಿಟ್ಸ್‌ಜೆರಾಲ್ಡ್ ಕಡೆ ನೋಡಿ. ‘ದ ಗ್ರೇಟ್ ಗ್ಯಾಟ್ಸ್‌ಬಿ’ ಬಂದದ್ದು 1925ರಲ್ಲಿ. ಮರುವರ್ಷ ಅಲ್ಲಿನ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಸಿಂಕ್ಲೇರ್ ಲೂಯಿಸ್ ಅವರ ‘ಆರೋಸ್ಮಿತ್’ಗೆ ಹೋಯಿತು, ಅವರು ಅದನ್ನು ಬೇಡ ಅಂದುಬಿಟ್ಟರು! ಫಿಟ್ಸ್‌ಜೆರಾಲ್ಡ್ 1940ರಲ್ಲಿ ಸತ್ತಾಗ ಆ ಪುಸ್ತಕವನ್ನು ಕೇಳುವವರೇ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ಅಂತ ಅಚ್ಚು ಹಾಕಿ ಒಂದೂವರೆ ಲಕ್ಷ ಪ್ರತಿ ಹಂಚಿದ ಮೇಲೆ ಮತ್ತೆ ಜೀವ ಬಂತು.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಮದುಮಗಳು ನನ್ನ ಕಪಾಟಿನಲ್ಲೇ ಇದೆ, ಹಿಂದೊಮ್ಮೆ ಐವತ್ತು ಪುಟಕ್ಕೇ ಬಿಟ್ಟಿದ್ದೆ. ಅಷ್ಟೊಂದು ಹೆಸರು, ಯಾರು ಯಾರ ಕಡೆಯವರು ಅಂತಲೇ ತಿಳಿಯಲಿಲ್ಲ. ಹೇಗೆ ಓದುವುದು?

ಉತ್ತರ 2
ಒಂದು ಹಾಳೆ ಇಟ್ಟುಕೊಳ್ಳಿ. ಜನರ ಹೆಸರಿಗಿಂತ ಮೊದಲು ಮನೆಗಳ ಹೆಸರು ಬರೆಯಿರಿ: ಸಿಂಬಾವಿ, ಹಳೆಮನೆ, ಕೋಣೂರು, ಹೂವಳ್ಳಿ, ಬೆಟ್ಟಳ್ಳಿ. ಯಾರಾದರೂ ಬಂದ ಹಾಗೆ ಅವರವರ ಮನೆ ಕೆಳಗೆ ಸೇರಿಸುತ್ತಾ ಹೋಗಿ. ಮುಕುಂದಯ್ಯ ಕೋಣೂರು, ಚಿನ್ನಮ್ಮ ಹೂವಳ್ಳಿ, ಹೀಗೆ. ನೂರು ಪುಟ ಆಗುವಷ್ಟರಲ್ಲಿ ಆ ಹಾಳೆ ಬೇಕಾಗುವುದಿಲ್ಲ.