ಹೆಸರಾಂತ ಬ್ಯಾಂಡ್‌ಗಳ ಉಚಿತ ಸಂಗೀತ ಕಾರ್ಯಕ್ರಮಗಳಿಂದ ಆಫ್ರಿಕಾದ ಜನಸಮುದಾಯಗಳಿಗೆ ಪ್ರಯೋಜನವಿದೆಯೇ?

ಪ್ರಶ್ನೆ: ಗಂಗೋತ್ರಿ ವಿದ್ಯಾರ್ಥಿನಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಮಾನಸಗಂಗೋತ್ರಿಯಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದು, ಪ್ರಸಿದ್ಧ ಬ್ಯಾಂಡ್‌ಗಳು ಆಫ್ರಿಕಾಕ್ಕಾಗಿ ನಡೆಸುವ ಉಚಿತ ಸಂಗೀತ ಕಾರ್ಯಕ್ರಮಗಳು ಅಲ್ಲಿನ ಸಮುದಾಯಗಳ ಅಭಿವೃದ್ಧಿಗೆ ನೆರವಾಗುತ್ತವೆಯೇ ಎಂಬ ವಿಷಯದ ಮೇಲೆ ನಮ್ಮ ವಿಭಾಗದ ವಿಚಾರಗೋಷ್ಠಿಯಲ್ಲಿ ಪ್ರಬಂಧ ಮಂಡಿಸಬೇಕಾಗಿದೆ. ಲಂಡನ್ನಿನ ಹೈಡ್ ಪಾರ್ಕ್‌ನಿಂದ ಜೊಹಾನ್ಸ್‌ಬರ್ಗ್‌ವರೆಗೆ ಹಲವು ನಗರಗಳಲ್ಲಿ 2005ರ ಜುಲೈ 2ರಂದು ನಡೆದ 'ಲೈವ್ 8' ಕಾರ್ಯಕ್ರಮವನ್ನೇ ಮುಖ್ಯ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಅಂದು ಸಂಘಟಕರು ಜನರಿಂದ ಹಣ ಕೇಳಲಿಲ್ಲ, ದನಿಯನ್ನು ಮಾತ್ರ ಕೇಳಿದರು. ಕೆಲವೇ ದಿನಗಳಲ್ಲಿ ಸ್ಕಾಟ್ಲೆಂಡಿನ ಗ್ಲೆನೀಗಲ್ಸ್‌ನಲ್ಲಿ ಸೇರಲಿದ್ದ ಜಿ-8 (ಎಂಟು ಪ್ರಬಲ ಕೈಗಾರಿಕಾ ದೇಶಗಳ ಗುಂಪು) ರಾಷ್ಟ್ರಗಳ ನಾಯಕರ ಮೇಲೆ ಒತ್ತಡ ತರುವುದು ಅವರ ಉದ್ದೇಶವಾಗಿತ್ತು. ಒಂದು ದಿನದ ಹಾಡಿನಿಂದ ಒಂದು ಹಳ್ಳಿಯ ಬದುಕು ಬದಲಾಗಲು ಸಾಧ್ಯವೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಅರ್ಥಶಾಸ್ತ್ರ ಅಧ್ಯಾಪಕ, ಕುವೆಂಪುನಗರ

ನಿಮ್ಮ ಪ್ರಬಂಧದಲ್ಲಿ ಘಟನೆಗಳ ಕಾಲಕ್ರಮವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಿ, ಏಕೆಂದರೆ ಈ ವಿಷಯದಲ್ಲಿ ಹೆಚ್ಚಿನವರು ಎಡವುವುದು ಅಲ್ಲಿಯೇ. ಬಡ ರಾಷ್ಟ್ರಗಳ ಸಾಲ ಮನ್ನಾ ಮಾಡುವ ಒಪ್ಪಂದಕ್ಕೆ ಜಿ-8 ದೇಶಗಳ ಹಣಕಾಸು ಸಚಿವರು ಬಂದದ್ದು 2005ರ ಜೂನ್ 11ರಂದು, ಅಂದರೆ ಲೈವ್ 8 ನಡೆಯುವುದಕ್ಕೆ ಮೂರು ವಾರ ಮೊದಲು. ಆ ಒಪ್ಪಂದದಂತೆ ಮೊದಲ ಹಂತದಲ್ಲಿ 18 ದೇಶಗಳಿಗೆ ಸುಮಾರು 40 ಶತಕೋಟಿ ಡಾಲರ್ ಸಾಲದಿಂದ ಬಿಡುಗಡೆ ದೊರೆಯಬೇಕಿತ್ತು. ಆ 18ರಲ್ಲಿ 14 ಆಫ್ರಿಕಾದ ದೇಶಗಳು. ಇದರ ಹಿಂದೆ ಜುಬಿಲಿ 2000 ಎಂಬ ಚಳವಳಿಯ ಹಲವು ವರ್ಷಗಳ ದುಡಿಮೆಯಿತ್ತು. ಚರ್ಚುಗಳು, ಕಾರ್ಮಿಕ ಸಂಘಗಳು ಮತ್ತು ಸ್ವಯಂಸೇವಾ ಸಂಸ್ಥೆಗಳು ಸೇರಿ ಸಹಿ ಸಂಗ್ರಹಿಸಿದ್ದವು, ಮತ್ತು 1998ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಜಿ-8 ಸಭೆ ನಡೆದಾಗ ಸಾವಿರಾರು ಜನರು ಮಾನವ ಸರಪಳಿ ರಚಿಸಿ ನಿಂತಿದ್ದರು. ಅವರಲ್ಲಿ ಹಾಡುಗಾರರಿಗಿಂತ ಸಾಮಾನ್ಯ ಜನರೇ ಹೆಚ್ಚು.

ಹಾಗೆಂದು ಲೈವ್ 8 ವ್ಯರ್ಥವೆಂದು ನಾನು ಹೇಳುವುದಿಲ್ಲ. ಸರ್ಕಾರಗಳು ಕೊಟ್ಟ ಮಾತನ್ನು ಕೋಟ್ಯಂತರ ಜನರ ಕಣ್ಣೆದುರು ಇಟ್ಟ ಕಾರಣ ಹಿಂದೆ ಸರಿಯುವುದು ಅವರಿಗೆ ಕಷ್ಟವಾಯಿತು. ಸಾಲದ ಹೊರೆ ಇಳಿದ ಮೇಲೆ ಜಾಂಬಿಯಾ ದೇಶವು 2006ರ ಏಪ್ರಿಲ್‌ನಲ್ಲಿ ಗ್ರಾಮೀಣ ಆರೋಗ್ಯ ಕೇಂದ್ರಗಳಲ್ಲಿ ರೋಗಿಗಳಿಂದ ಪಡೆಯುತ್ತಿದ್ದ ಶುಲ್ಕವನ್ನು ರದ್ದುಪಡಿಸಿತು. ಹೆರಿಗೆ ನೋವು ಬಂದ ಹೆಂಗಸು ಕೈಯಲ್ಲಿ ಕಾಸಿಲ್ಲವೆಂದು ಮನೆಯಲ್ಲೇ ಉಳಿಯಬೇಕಾಗಿದ್ದ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ. ಆದರೆ ನೆರವಿನ ವಿಷಯದಲ್ಲಿ ನಡೆದದ್ದು ಬೇರೆ. 2010ರ ವೇಳೆಗೆ ಆಫ್ರಿಕಾಕ್ಕೆ ವಾರ್ಷಿಕ ನೆರವನ್ನು 25 ಶತಕೋಟಿ ಡಾಲರ್‌ನಷ್ಟು ಹೆಚ್ಚಿಸುವುದಾಗಿ ಗ್ಲೆನೀಗಲ್ಸ್‌ನಲ್ಲಿ ಕೊಟ್ಟ ಮಾತು ಪೂರ್ತಿಯಾಗಿ ಈಡೇರಲಿಲ್ಲ. ವೇದಿಕೆಯ ದೀಪ ಆರಿದ ಮೇಲೆ ಲೆಕ್ಕ ಕೇಳುವವರು ಕಡಿಮೆಯಾದರು. ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಬಂಧದ ತಿರುಳು ಇಲ್ಲಿದೆ.

ಉತ್ತರ: ಕಬ್ಬಿನ ನಾಡಿನವನು, ಮಂಡ್ಯ

ಮೇಷ್ಟ್ರು ಬರೆದದ್ದು ಸರಿ. ಆದರೆ ಲಂಡನ್ನಿನಲ್ಲಿ ಹಾಡಿ ಆಫ್ರಿಕಾವನ್ನು ಉದ್ಧರಿಸುವ ಪ್ರಶ್ನೆಯ ಜೊತೆಗೆ, ಆಫ್ರಿಕಾದಲ್ಲಿಯೇ ಆಫ್ರಿಕನ್ನರೇ ನಡೆಸುವ ಸಂಗೀತೋತ್ಸವಗಳನ್ನೂ ನೋಡಬೇಕು. ಹೈಡ್ ಪಾರ್ಕ್‌ನ ವೇದಿಕೆಯಲ್ಲಿ ಆಫ್ರಿಕಾದ ಕಲಾವಿದರು ಬೆರಳೆಣಿಕೆಯಷ್ಟು ಮಾತ್ರ ಇದ್ದಾರೆಂಬ ಟೀಕೆ ಬಂದ ಮೇಲೆಯೇ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿರುವ ಈಡನ್ ಪ್ರಾಜೆಕ್ಟ್ ಎಂಬ ಸಸ್ಯೋದ್ಯಾನದಲ್ಲಿ ಅವರಿಗಾಗಿ ಪ್ರತ್ಯೇಕ ಕಾರ್ಯಕ್ರಮವನ್ನು ಏರ್ಪಡಿಸಲಾಯಿತು. ಯಾರ ಬದುಕಿನ ಬಗ್ಗೆ ಮಾತೋ ಅವರನ್ನೇ ಮುಖ್ಯ ವೇದಿಕೆಯಿಂದ ದೂರವಿಟ್ಟದ್ದು ನನಗೆ ಇಂದಿಗೂ ನೋವಿನ ಸಂಗತಿ.

ನಮ್ಮ ಮಂಡ್ಯದ ಕಡೆ ಊರಿನವರೇ ಪಾತ್ರ ಹಂಚಿಕೊಂಡು ಪೌರಾಣಿಕ ನಾಟಕ ಆಡುತ್ತಾರಲ್ಲ, ಅದರ ಖರ್ಚನ್ನು ಗಮನಿಸಿ. ನೋಡುವವರಿಗೆ ಟಿಕೆಟ್ ಇಲ್ಲ. ಪಾತ್ರಧಾರಿಗಳು ಕೈಯಿಂದ ಹಾಕಿದ ಹಣವು ಹಾರ್ಮೋನಿಯಂ ಮೇಷ್ಟ್ರಿಗೆ, ಸೀನರಿ ಮತ್ತು ಡ್ರೆಸ್ಸು ಬಾಡಿಗೆ ಕೊಡುವವರಿಗೆ, ಪೆಂಡಾಲ್ ಹಾಕುವವರಿಗೆ, ಹೂವಿನ ಹಾರ ಕಟ್ಟುವವರಿಗೆ, ರಾತ್ರಿಯಿಡೀ ಟೀ ಕಾಯಿಸುವವರಿಗೆ ಸೇರಿ ಬಹುಪಾಲು ತಾಲ್ಲೂಕಿನೊಳಗೇ ಉಳಿಯುತ್ತದೆ. ಮಾಲಿ ದೇಶದ ಸೆಗು ಪಟ್ಟಣದಲ್ಲಿ 2005ರಿಂದ ನಡೆದು ಬಂದ ನೈಜರ್ ನದಿ ದಂಡೆಯ ಉತ್ಸವವೂ ಹೀಗೆಯೇ ಸ್ಥಳೀಯರ ಪ್ರಯತ್ನದಿಂದ ಹುಟ್ಟಿದ್ದು. ಸೆಗು ಪ್ರದೇಶವು ಕೆಸರಿನ ಬಣ್ಣದಿಂದ ಚಿತ್ತಾರ ಬಿಡಿಸುವ ಬೊಗೊಲಾನ್ ಬಟ್ಟೆಗೆ ಹೆಸರಾದದ್ದು. ನದಿಯಾಚೆಯ ಕಲಬುಗು ಗ್ರಾಮದ ಹೆಂಗಸರು ಮಡಕೆ ಮಾಡುವುದರಲ್ಲಿ ನುರಿತವರು. ಹೊರಗಿನಿಂದ ಬಂದ ಪ್ರೇಕ್ಷಕರು ಹಾಡು ಕೇಳಿ ಸುಮ್ಮನೆ ಹಿಂದಿರುಗದೆ ಇಂಥ ಕಸುಬುದಾರರ ಬಳಿ ವ್ಯಾಪಾರ ಮಾಡಿ, ಅಲ್ಲಿಯೇ ಉಂಡು ತಂಗಿದರೆ, ಆ ಹಣ ಊರಿನ ಮನೆಗಳಿಗೆ ನೇರವಾಗಿ ತಲುಪುತ್ತದೆ.

ಆದರೆ ಶಾಂತಿ ಇಲ್ಲದಿದ್ದರೆ ಇದೂ ನಿಲ್ಲುವುದಿಲ್ಲ. ಉತ್ತರ ಮಾಲಿಯ ಮರಳುಗಾಡಿನಲ್ಲಿ, ಮುಖ್ಯವಾಗಿ ಟಿಂಬಕ್ಟು ಸಮೀಪದಲ್ಲಿ, 2001ರಿಂದ ನಡೆಯುತ್ತಿದ್ದ ಉತ್ಸವಕ್ಕೆ ದೇಶವಿದೇಶಗಳಿಂದ ಕಲಾವಿದರು ಬರುತ್ತಿದ್ದರು. 2012ರಲ್ಲಿ ಉತ್ತರ ಮಾಲಿಯನ್ನು ಸಶಸ್ತ್ರ ಗುಂಪುಗಳು ವಶಪಡಿಸಿಕೊಂಡು ಸಂಗೀತವನ್ನೇ ನಿಷೇಧಿಸಿದವು, ಮತ್ತು ಆ ಉತ್ಸವ ಅಲ್ಲಿಗೆ ನಿಂತಿತು.

ಉತ್ತರ: ಲೆಕ್ಕ ಪರಿಶೋಧಕಿ, ವಿಜಯನಗರ, ಮೈಸೂರು

ದಾನದ ಹಣದ ಬಗ್ಗೆ ಯಾರೂ ಬರೆಯದ ಕಾರಣ ಎರಡು ಮಾತು ಸೇರಿಸುತ್ತೇನೆ. 1971ರ ಆಗಸ್ಟ್ 1ರಂದು ನ್ಯೂಯಾರ್ಕ್‌ನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಪಂಡಿತ್ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ನಡೆಸಿದ ಕಾರ್ಯಕ್ರಮವು ಆಫ್ರಿಕಾಕ್ಕೆ ಸಂಬಂಧಿಸಿದ್ದಲ್ಲವಾದರೂ ಇಂಥ ಪ್ರಯತ್ನಗಳಿಗೆಲ್ಲ ಮಾದರಿಯಾಯಿತು. ಅದರ ಧ್ವನಿಮುದ್ರಿಕೆ ಮತ್ತು ಚಿತ್ರದಿಂದ ಬಂದ ದೊಡ್ಡ ಮೊತ್ತವು ಅಮೆರಿಕದ ತೆರಿಗೆ ಇಲಾಖೆಯ ತಕರಾರಿನಿಂದಾಗಿ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿತು. ಹಸಿದವರಿಗೆ ಆ ವರ್ಷಗಳು ಮತ್ತೆ ಸಿಗುವುದಿಲ್ಲ. ಆದ್ದರಿಂದ ಕಲಾವಿದರನ್ನು ಒಪ್ಪಿಸುವ ಮೊದಲೇ ಟ್ರಸ್ಟ್ ನೋಂದಣಿ, ಬ್ಯಾಂಕ್ ಖಾತೆ, ತೆರಿಗೆ ವಿನಾಯಿತಿ ಇವೆಲ್ಲ ಮುಗಿದಿರಬೇಕು.

ಇಥಿಯೋಪಿಯದ ಬರಗಾಲಕ್ಕಾಗಿ 1985ರ ಜುಲೈ 13ರಂದು ನಡೆದ 'ಲೈವ್ ಏಡ್' ಉಚಿತವಾಗಿರಲಿಲ್ಲ; ಟಿಕೆಟ್ ಮಾರಿ, ಟಿವಿಯ ಮೂಲಕ ದೇಣಿಗೆ ಬೇಡಿ ಹಣ ಕೂಡಿಸಲಾಯಿತು. ಆ ಹಸಿವಿಗೆ ಮಳೆಯ ಅಭಾವದಷ್ಟೇ ಅಲ್ಲಿನ ಮಿಲಿಟರಿ ಸರ್ಕಾರದ ಅಂತರ್ಯುದ್ಧವೂ ಕಾರಣವಾಗಿತ್ತು. ಉತ್ತರದ ಜನರನ್ನು ಬಲವಂತವಾಗಿ ದಕ್ಷಿಣಕ್ಕೆ ಸಾಗಿಸುತ್ತಿದ್ದುದನ್ನು ಬಹಿರಂಗವಾಗಿ ಖಂಡಿಸಿದ್ದಕ್ಕಾಗಿ 'ಗಡಿರಹಿತ ವೈದ್ಯರು' ಸಂಸ್ಥೆಯ ಫ್ರೆಂಚ್ ವಿಭಾಗವನ್ನು ಅದೇ ವರ್ಷ ಆ ದೇಶದಿಂದ ಹೊರಹಾಕಲಾಯಿತು. ಸಂಗೀತದಿಂದ ಬಂದ ಹಣವು ಧಾನ್ಯ ತರಿಸಿತು, ಲಾರಿ ಕೊಳ್ಳಲು ನೆರವಾಯಿತು, ಅನೇಕ ಜೀವಗಳು ಉಳಿದವು ಎಂದೇ ನಾನು ನಂಬುತ್ತೇನೆ. ಆದರೆ ಅದು ಪರಿಹಾರ ಕಾರ್ಯ. ಅದನ್ನು ಅಭಿವೃದ್ಧಿಯೊಂದಿಗೆ ಬೆರೆಸಬೇಡಿ.

ಪ್ರತಿಕ್ರಿಯೆ: ಗಂಗೋತ್ರಿ ವಿದ್ಯಾರ್ಥಿನಿ, ಮೈಸೂರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಣ ಕೂಡಿಸುವ ಕಾರ್ಯಕ್ರಮ, ಸರ್ಕಾರಗಳ ಮೇಲೆ ಒತ್ತಡ ತರುವ ಕಾರ್ಯಕ್ರಮ, ಊರಿನವರೇ ಕಟ್ಟಿದ ಉತ್ಸವ, ಈ ಮೂರನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು ಸರಿಯಲ್ಲವೆಂದು ಮನವರಿಕೆಯಾಯಿತು. ಪ್ರಬಂಧದಲ್ಲಿ ಜಾಂಬಿಯಾದ ಆರೋಗ್ಯ ಕೇಂದ್ರಗಳನ್ನೂ ಸೆಗು ಪಟ್ಟಣವನ್ನೂ ಅಕ್ಕಪಕ್ಕದಲ್ಲಿಟ್ಟು ಬರೆಯುತ್ತೇನೆ. ಮಂಡ್ಯದ ಸರ್, ಸೆಗು ಉತ್ಸವಕ್ಕೆ ಪ್ರವೇಶ ಶುಲ್ಕವಿದ್ದರೆ ಊರಿನ ಬಡವರಿಗೆ ಯಾವ ವ್ಯವಸ್ಥೆ ಮಾಡುತ್ತಾರೆಂಬುದು ನಿಮಗೆ ತಿಳಿದಿದ್ದರೆ ದಯವಿಟ್ಟು ಬರೆಯಿರಿ. ಆ ಭಾಗವನ್ನು ನಾನಿನ್ನೂ ಬರೆದಿಲ್ಲ.